ತುರ್ತು ವಾಹನದಲ್ಲಿ ಆಗುವ ಲೋಪಗಳು: ನಂಜನಗೂಡು, ತಿ.ನರಸೀಪುರ ಹಾದಿಯ ಪಾಠ

ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರ್. ತಿರುಮಕೂಡಲು ನರಸೀಪುರದಿಂದ ಸುಮಾರು 30 ಕಿಲೋಮೀಟರ್. ಎರಡೂ ಪಟ್ಟಣಗಳನ್ನು ಮೈಸೂರಿಗೆ ಜೋಡಿಸುವುದು ಒಂದೇ ಹೆದ್ದಾರಿ. ಕೇರಳದ ಕೋಯಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ.ನರಸೀಪುರಗಳ ಮೂಲಕ ಕೊಳ್ಳೇಗಾಲ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 766 ಅದು. ಹಿಂದೆ ಅದರ ಸಂಖ್ಯೆ 212. ಎರಡೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಆದರೆ ತಲೆಗೆ ಪೆಟ್ಟು ಬಿದ್ದವರನ್ನು, ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದವರನ್ನು, ಉಸಿರಾಟ ಕುಸಿಯುತ್ತಿರುವವರನ್ನು ಮೈಸೂರಿನ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ ಅಥವಾ ಖಾಸಗಿ ಆಸ್ಪತ್ರೆಗಳಿಗೆ ಸಾಗಿಸುವುದು ವಾಡಿಕೆ. ವಾಹನ ದಟ್ಟಣೆಯಿದ್ದರೆ ಈ ಪ್ರಯಾಣಕ್ಕೆ ಮುಕ್ಕಾಲು ಗಂಟೆಯೇ ಬೇಕು. ಅಷ್ಟೂ ಹೊತ್ತು ರೋಗಿಯ ಪಾಲಿಗೆ ಆಸ್ಪತ್ರೆ ಎಂದರೆ ಆಂಬುಲೆನ್ಸ್ ಒಂದೇ.

ಈ ಮುಕ್ಕಾಲು ಗಂಟೆಯಲ್ಲಿ ಆಗುವ ಲೋಪಗಳು ಬಹುಪಾಲು ಸಣ್ಣವು. ಅವು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ. ದಾಖಲಾಗದ ಲೋಪವನ್ನು ಯಾರೂ ತಿದ್ದುವುದಿಲ್ಲ. ಸತ್ತವರ ಮನೆಯವರು ಅದನ್ನು ಹಣೆಬರಹವೆಂದು ತಿಳಿದು ಸುಮ್ಮನಾಗುತ್ತಾರೆ. ಯಾವ ಹಂತದಲ್ಲಿ ಏನು ತಪ್ಪುತ್ತದೆ, ಕಾನೂನು ಏನು ಹೇಳುತ್ತದೆ ಎಂಬುದನ್ನು ಆದ್ದರಿಂದ ನಾಗರಿಕರು ಅರಿತಿರುವುದು ಅವಶ್ಯ.

ಎರಡು ದುರ್ಘಟನೆಗಳು

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಹನೂರು ಭಾಗದ ಸುಳ್ವಾಡಿಯಲ್ಲಿ ಮಾರಮ್ಮ ದೇವಾಲಯದ ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, 17 ಮಂದಿ ಅಸುನೀಗಿದರು. ತೀವ್ರವಾಗಿ ಬಳಲುತ್ತಿದ್ದವರನ್ನು ನೂರು ಕಿಲೋಮೀಟರಿಗೂ ಮಿಗಿಲಾದ ದೂರ ಕ್ರಮಿಸಿ ಮೈಸೂರಿನ ಆಸ್ಪತ್ರೆಗಳಿಗೆ ತರಬೇಕಾಯಿತು. ಇಂಥ ವಿಷ ಸೇವಿಸಿದವರ ಬಾಯಿಯಲ್ಲಿ, ಶ್ವಾಸನಾಳದಲ್ಲಿ ಜೊಲ್ಲು ಮತ್ತು ಕಫ ತುಂಬಿ ಉಸಿರು ಕಟ್ಟುತ್ತದೆ. ಅದನ್ನು ಹೀರಿ ತೆಗೆಯುವ ಯಂತ್ರ, ಆಮ್ಲಜನಕ, ಅಟ್ರೋಪಿನ್ ಚುಚ್ಚುಮದ್ದು ಮತ್ತು ಅವನ್ನು ಬಳಸಬಲ್ಲ ಸಿಬ್ಬಂದಿ ದಾರಿಯುದ್ದಕ್ಕೂ ಜೊತೆಗಿರಬೇಕು. ವೇಗವೊಂದರಿಂದಲೇ ಜೀವ ಉಳಿಯದು.

2023ರ ಮೇ 29ರಂದು ತಿ.ನರಸೀಪುರ ತಾಲ್ಲೂಕಿನ ಕುರುಬೂರು ಬಳಿ ಖಾಸಗಿ ಬಸ್ ಹಾಗೂ ಇನ್ನೋವಾ ಕಾರಿನ ನಡುವೆ ಡಿಕ್ಕಿ ಸಂಭವಿಸಿ, ಬಳ್ಳಾರಿ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದವರೂ ಸೇರಿ 10 ಮಂದಿ ಮೃತಪಟ್ಟರು. ಈ ಎರಡು ಪ್ರಸಂಗಗಳನ್ನು ಯಾರ ಮೇಲೂ ದೋಷ ಹೊರಿಸಲು ಇಲ್ಲಿ ಸ್ಮರಿಸುತ್ತಿಲ್ಲ. ಈ ಹಾದಿಯ ತುರ್ತು ಸೇವೆ ಎಂಥ ಹೊರೆಗೆ ಸಿದ್ಧವಾಗಿರಬೇಕು ಎಂಬುದಕ್ಕೆ ಇವು ಅಳತೆಗೋಲು.

108ರ ಹಿನ್ನೆಲೆ

ಆಂಬುಲೆನ್ಸ್ ಎಂದರೆ ಮಲಗಿಸಿ ಒಯ್ಯುವ ಗಾಡಿ ಎಂಬ ಭಾವನೆ ನಮ್ಮಲ್ಲಿ ಮಾತ್ರ ಇದ್ದುದಲ್ಲ. 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಹೊರತಂದ ವರದಿಯು, ಆ ದೇಶದ ಆಂಬುಲೆನ್ಸ್ ಸೇವೆಯ ಅರ್ಧದಷ್ಟನ್ನು ಶವಸಂಸ್ಕಾರ ನಡೆಸುವವರೇ ಒದಗಿಸುತ್ತಿದ್ದಾರೆಂದು ತಿಳಿಸಿತ್ತು. ತರಬೇತಿ ಪಡೆದ ಸಿಬ್ಬಂದಿಯ ಕಲ್ಪನೆ ಅಲ್ಲಿ ಬಲಗೊಂಡಿದ್ದು ಆ ನಂತರ.

ಕರ್ನಾಟಕದಲ್ಲಿ 'ಆರೋಗ್ಯ ಕವಚ 108' ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಹೈದರಾಬಾದಿನಲ್ಲಿ 2005ರಲ್ಲಿ ಹುಟ್ಟಿದ ಇಎಂಆರ್‌ಐ ಸಂಸ್ಥೆ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಅದನ್ನು ಇಲ್ಲಿ ಆರಂಭಿಸಿತು. 2015ರಲ್ಲಿ ಬೈಕ್ ಆಂಬುಲೆನ್ಸ್‌ಗಳು ಬಂದವು. 2023ರ ನವೆಂಬರ್‌ನಲ್ಲಿ 262 ಹೊಸ ವಾಹನಗಳು ಸೇರ್ಪಡೆಯಾದವು. ಅವುಗಳಲ್ಲಿ 105 ಮಾತ್ರ ಸುಧಾರಿತ ಜೀವರಕ್ಷಕ ವಾಹನಗಳು, ಉಳಿದ 157 ಮೂಲಭೂತ ಜೀವರಕ್ಷಕ ವಾಹನಗಳು. ಈ ಭೇದ ಮುಖ್ಯವಾದುದು. ಕೃತಕ ಉಸಿರಾಟದ ಯಂತ್ರ ಬೇಕಾದ ರೋಗಿಯನ್ನು ಮೂಲಭೂತ ವಾಹನದಲ್ಲಿ ಕಳುಹಿಸುವುದೇ ಒಂದು ಲೋಪ.

ರಸ್ತೆ ಆಂಬುಲೆನ್ಸ್‌ಗಳಿಗಾಗಿ ರೂಪಿಸಿದ ರಾಷ್ಟ್ರೀಯ ಮಾನದಂಡ ಎಐಎಸ್-125 ವಾಹನಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಮೊದಲ ಸಹಾಯಕರ ವಾಹನ, ಕೇವಲ ರೋಗಿ ಸಾಗಣೆಯ ವಾಹನ, ಮೂಲಭೂತ ಜೀವರಕ್ಷಕ, ಸುಧಾರಿತ ಜೀವರಕ್ಷಕ ಎಂಬುವೇ ಆ ನಾಲ್ಕು. ಸೈರನ್ ಮತ್ತು ಕೆಂಪು ಅಕ್ಷರ ಎಲ್ಲದರಲ್ಲಿಯೂ ಇರಬಹುದು. ಒಳಗಿರುವುದು ಒಂದೇ ಅಲ್ಲ.

ಲೋಪಗಳು ಎಲ್ಲೆಲ್ಲಿ?

ಕರೆಯ ಹಂತ: ಈ ಸೀಮೆಯಲ್ಲಿ 'ಹುಂಡಿ' ಎಂದು ಕೊನೆಗೊಳ್ಳುವ ಹಳ್ಳಿಗಳು ಹಲವಾರು. ಒಂದೇ ಧ್ವನಿಯ ಎರಡು ಊರುಗಳ ನಡುವೆ ವಾಹನ ದಾರಿ ತಪ್ಪುವುದು ಸುಲಭ. ಹೋಬಳಿ, ಹತ್ತಿರದ ದೊಡ್ಡ ಊರು, ನಾಲೆ ಅಥವಾ ಸೇತುವೆಯ ಗುರುತನ್ನು ಕರೆ ಸ್ವೀಕರಿಸುವವರು ಕೇಳಬೇಕು, ಕರೆ ಮಾಡಿದವರು ಹೇಳಬೇಕು. ಒಂದೇ ಕೇಂದ್ರವನ್ನು ಇಡೀ ರಾಜ್ಯ ನೆಚ್ಚಿಕೊಂಡಾಗ ಎದುರಾಗುವ ಅಪಾಯ ಇನ್ನೊಂದು ಬಗೆಯದು. 2022ರ ಸೆಪ್ಟೆಂಬರ್‌ನಲ್ಲಿ 108 ಕರೆ ಕೇಂದ್ರದ ಗಣಕ ವ್ಯವಸ್ಥೆ ಕೈಕೊಟ್ಟಾಗ ರಾಜ್ಯದ ನಾನಾ ಕಡೆ ಸೇವೆ ವ್ಯತ್ಯಯಗೊಂಡಿತು.

ಸ್ಥಳದ ಹಂತ: ಅಪಘಾತಕ್ಕೀಡಾದವರನ್ನು ಕೈಕಾಲು ಹಿಡಿದು ಎತ್ತಿ ಗಾಡಿಗೆ ಹಾಕುವುದು ಅತಿ ಸಾಮಾನ್ಯ ತಪ್ಪು. ಕತ್ತಿನ ಮೂಳೆ ಮುರಿದಿದ್ದರೆ ಆ ಒಂದು ಎಳೆತದಿಂದ ಜೀವನಪರ್ಯಂತ ಅಂಗಾಂಗ ಸ್ವಾಧೀನ ತಪ್ಪಬಹುದು. ಕತ್ತಿಗೆ ಪಟ್ಟಿ, ಬೆನ್ನಿಗೆ ಹಲಗೆ, ರಕ್ತ ಸೋರುವಲ್ಲಿ ಒತ್ತುಪಟ್ಟಿ, ಇವಿಷ್ಟೂ ಹೊರಡುವ ಮೊದಲೇ ಆಗಬೇಕು. ಕಬ್ಬು, ಭತ್ತದ ಗದ್ದೆಗಳ ಈ ನಾಡಿನಲ್ಲಿ ಹಾವು ಕಡಿತ ಅಪರೂಪವಲ್ಲ. ಕಡಿದ ಕಾಲಿಗೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಅಪಾಯಕರ. ಅಂಗವನ್ನು ಅಲುಗದಂತೆ ಇರಿಸುವುದೇ ಸರಿಯಾದ ಕ್ರಮ. 2024ರಲ್ಲಿ ರಾಜ್ಯ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ದಾರಿಯ ಹಂತ: ಇಲ್ಲೊಂದು ಸರಳ ಲೆಕ್ಕವಿದೆ. ನಮ್ಮಲ್ಲಿ ಬಳಕೆಯಲ್ಲಿರುವ ಬಿ ಮಾದರಿಯ ಸಿಲಿಂಡರ್ ತುಂಬಿದ್ದರೆ ಅದರಲ್ಲಿ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 10 ಲೀಟರ್‌ನಂತೆ ಕೊಟ್ಟರೆ ಎರಡೂವರೆ ಗಂಟೆ ಬರುತ್ತದೆ. ಆದರೆ ಹಿಂದಿನ ರೋಗಿಗೆ ಬಳಸಿ ಕಾಲು ಭಾಗ ಮಾತ್ರ ಉಳಿದಿದ್ದರೆ ಅದು 37 ನಿಮಿಷಕ್ಕೆ ಬರಿದಾಗುತ್ತದೆ. ತಿ.ನರಸೀಪುರದಿಂದ ಮುಕ್ಕಾಲು ಗಂಟೆಯ ಪ್ರಯಾಣದಲ್ಲಿ ಆಂಬುಲೆನ್ಸ್ ಮೈಸೂರಿನ ಅಂಚಿನ ದಟ್ಟಣೆಯಲ್ಲಿ ಸಿಕ್ಕಿಕೊಂಡಿರುವಾಗಲೇ ಆಮ್ಲಜನಕ ಮುಗಿದಿರುತ್ತದೆ! ಹೊರಡುವ ಮುನ್ನ ಮಾಪಕದ ಮುಳ್ಳು ನೋಡಲು ಬೇಕಾಗುವುದು ಹತ್ತು ಸೆಕೆಂಡು. ಸಿಬ್ಬಂದಿ ಚಾಲಕನ ಪಕ್ಕದಲ್ಲಿ ಕುಳಿತು ರೋಗಿಯನ್ನು ಬಂಧುಗಳ ವಶಕ್ಕೆ ಬಿಡುವುದೂ, ಪ್ರಜ್ಞೆ ತಪ್ಪಿದವರನ್ನು ಅಂಗಾತ ಮಲಗಿಸಿ ವಾಂತಿ ಶ್ವಾಸಕೋಶ ಸೇರಲು ಬಿಡುವುದೂ ಇದೇ ವರ್ಗದ ಅಲಕ್ಷ್ಯಗಳು.

ಆಸ್ಪತ್ರೆಯ ಆಯ್ಕೆ: ಹತ್ತಿರದ ಆಸ್ಪತ್ರೆ ಯಾವಾಗಲೂ ಸರಿಯಲ್ಲ, ದೊಡ್ಡ ಆಸ್ಪತ್ರೆಯೂ ಯಾವಾಗಲೂ ಸರಿಯಲ್ಲ. ಹಾವು ಕಡಿತದಲ್ಲಿ ಪ್ರತಿವಿಷ ಲಭ್ಯವಿರುವ ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಮೈಸೂರಿಗೆ ಓಡುವುದು ತಪ್ಪು. ಹೃದಯಾಘಾತದಲ್ಲಿ ಮೊದಲು ಇಸಿಜಿ ಆಗಬೇಕು, ಅದನ್ನು ಆಧರಿಸಿ ರಕ್ತದ ಗಡ್ಡೆ ಕರಗಿಸುವ ಔಷಧ ಸಮೀಪದಲ್ಲೇ ಸಿಗಬೇಕು. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ಸರ್ಕಾರ ರೂಪಿಸಿದ್ದು ಈ ಉದ್ದೇಶಕ್ಕೇ. ಮೆದುಳಿನಲ್ಲಿ ರಕ್ತಸ್ರಾವವಾದವರನ್ನಾದರೋ ಸಿ.ಟಿ. ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿಲ್ಲದ ಕಡೆಗಳಲ್ಲಿ ಅಲೆಸುವುದು ಕಾಲಹರಣ.

ಹಸ್ತಾಂತರ: ರೋಗಿ ಸಿಕ್ಕ ವೇಳೆ, ಆಗಿನ ನಾಡಿ, ರಕ್ತದೊತ್ತಡ, ಪ್ರಜ್ಞೆಯ ಮಟ್ಟ, ಕೊಟ್ಟ ಔಷಧ, ತಲುಪಿದ ವೇಳೆ, ಇಷ್ಟನ್ನೂ ಬರೆದು ಆಸ್ಪತ್ರೆಗೆ ಒಪ್ಪಿಸಬೇಕು. ಮುಂಚಿತವಾಗಿ ದೂರವಾಣಿಯಲ್ಲಿ ತಿಳಿಸಿದರೆ ಹಾಸಿಗೆ, ರಕ್ತ, ವೈದ್ಯರು ಸಿದ್ಧವಿರುತ್ತಾರೆ. ಈ ಹಾಳೆ ಇಲ್ಲದಿದ್ದರೆ ಅದೇ ಔಷಧವನ್ನು ಎರಡು ಬಾರಿ ಕೊಡುವ, ಅಥವಾ ಕೊಡಲೇ ಇರುವ ಸಂಭವವಿದೆ. ಮುಂದೆ ವಿಚಾರಣೆ ನಡೆದರೆ ಪ್ರಾಮಾಣಿಕ ಸಿಬ್ಬಂದಿಯನ್ನು ಕಾಪಾಡುವುದೂ ಇದೇ ಹಾಳೆ.

ಕಾನೂನು ಏನು ಹೇಳುತ್ತದೆ?

ಅಪಘಾತದ ಗಾಯಾಳುವಿಗೆ ಪೊಲೀಸ್ ವಿಧಿವಿಧಾನಗಳಿಗೆ ಕಾಯದೆ ಚಿಕಿತ್ಸೆ ನೀಡುವುದು ಪ್ರತಿ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಸಾರಿತು. 1996ರ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರರೊಬ್ಬರನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದರಂತೆ ಹಿಂದಿರುಗಿಸಿದ್ದವು. ಸಕಾಲ ಚಿಕಿತ್ಸೆ ನಿರಾಕರಣೆ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದ ನ್ಯಾಯಾಲಯ 25,000 ರೂಪಾಯಿ ಪರಿಹಾರ ಕೊಡಿಸಿತು. ಹಾಸಿಗೆಗಳ ಮಾಹಿತಿಗೆ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಇರಬೇಕು, ಆಂಬುಲೆನ್ಸ್‌ನಲ್ಲಿ ಅಗತ್ಯ ಉಪಕರಣ ಮತ್ತು ವೈದ್ಯಕೀಯ ಸಿಬ್ಬಂದಿ ಇರಬೇಕು ಎಂದೂ ಹೇಳಿತು. ಹಣವಿಲ್ಲವೆಂಬ ಕಾರಣವನ್ನು ಸರ್ಕಾರ ಮುಂದೊಡ್ಡಲಾಗದು ಎಂಬುದು ಅದರ ಸ್ಪಷ್ಟ ನಿಲುವು.

ತಪ್ಪು ಬೇರೆ, ಅಲಕ್ಷ್ಯ ಬೇರೆ. ಕಷ್ಟದ ಸ್ಥಿತಿಯಲ್ಲಿ ಪ್ರಾಮಾಣಿಕವಾಗಿ ಕೈಗೊಂಡ ತೀರ್ಮಾನ ಫಲಿಸದೆ ಹೋದರೆ ಅದು ಅಪರಾಧವಲ್ಲ. ವೈದ್ಯರನ್ನು ಕ್ರಿಮಿನಲ್ ಹೊಣೆಗೆ ಗುರಿಪಡಿಸಲು ಘೋರ ಸ್ವರೂಪದ ಅಲಕ್ಷ್ಯ ಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ಅಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ವೈದ್ಯಕೀಯ ಕಾರ್ಯ ನಿರ್ವಹಿಸುವ ನೋಂದಾಯಿತ ವೈದ್ಯರಿಗೆ ಆ ಮಿತಿ ಎರಡು ವರ್ಷ. ಹಣ ಪಡೆದು ಸೇವೆ ಕೊಟ್ಟವರ ಲೋಪಕ್ಕೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.

ನಾಗರಿಕರ ಪಾಲು

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹ ಎರಡು ತುಂಡಾದ ಯುವಕ ಹರೀಶ್, ಆ ಸ್ಥಿತಿಯಲ್ಲೂ ತಮ್ಮ ಅಂಗಾಂಗ ದಾನ ಮಾಡುವಂತೆ ಕೇಳಿಕೊಂಡಿದ್ದನ್ನು ನಾಡು ಮರೆತಿಲ್ಲ. ಅವರ ಹೆಸರಿನ ಸಾಂತ್ವನ ಯೋಜನೆ ಅದೇ ವರ್ಷ ಬಂತು. ಅಪಘಾತದ ಗಾಯಾಳುಗಳ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಭರಿಸುವ ಏರ್ಪಾಡು ಅದಾಗಿತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ದೊರೆಯುತ್ತದೆ.

ನೆರವಿಗೆ ಬಂದವರನ್ನು ಸಾಕ್ಷಿಯಾಗಲು ಬಲವಂತಪಡಿಸುವಂತಿಲ್ಲ. ಈ ಬಗ್ಗೆ ಸುಪ್ರೀಂ ಕೋರ್ಟಿನ 2016ರ ಆದೇಶವೂ ಕರ್ನಾಟಕದ್ದೇ ಆದ ಜೀವರಕ್ಷಕರ ರಕ್ಷಣಾ ಕಾಯಿದೆಯೂ ಇವೆ. ಆಂಬುಲೆನ್ಸ್‌ಗೆ ದಾರಿ ಬಿಡದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳ ಸಜೆ ಅಥವಾ ಎರಡನ್ನೂ ವಿಧಿಸುತ್ತದೆ.

ಆಂಬುಲೆನ್ಸ್ ಬಾಗಿಲು ಮುಚ್ಚುವ ಮುನ್ನ ಬಂಧುಗಳು ನಾಲ್ಕು ಪ್ರಶ್ನೆ ಕೇಳಲಿ. ಆಮ್ಲಜನಕ ಎಷ್ಟಿದೆ? ಹಿಂದೆ ರೋಗಿಯ ಬಳಿ ಕುಳಿತುಕೊಳ್ಳುವವರು ಯಾರು? ಯಾವ ಆಸ್ಪತ್ರೆಗೆ, ಅಲ್ಲಿಗೆ ತಿಳಿಸಿದ್ದೀರಾ? ದಾಖಲೆ ಹಾಳೆಯ ಪ್ರತಿ ನಮಗೆ ಕೊಡುವಿರಾ? ಇವು ಜಗಳದ ಪ್ರಶ್ನೆಗಳಲ್ಲ. ದಕ್ಷ ಸಿಬ್ಬಂದಿಯ ಬಳಿ ನಾಲ್ಕಕ್ಕೂ ಉತ್ತರ ಸಿದ್ಧವಿರುತ್ತದೆ. ಉತ್ತರವಿಲ್ಲದ ಕಡೆ, ಮೈಸೂರು ಮುಟ್ಟುವ ಮೊದಲೇ ಲೋಪವೊಂದನ್ನು ತಿದ್ದಲು ಇನ್ನೂ ಸಮಯವಿರುತ್ತದೆ.