ಹನ್ನೊಂದರಿಂದ ಶುರುವಾದ ಲೆಕ್ಕ

ಮೊನ್ನೆ ಮನೆ ಬದಲಾಯಿಸುವಾಗ ಹಳೇ ಟ್ರಂಕಿನ ತಳದಲ್ಲಿ ನನ್ನ ಏಳನೇ ಕ್ಲಾಸಿನ ನೋಟ್ ಪುಸ್ತಕವೊಂದು ಸಿಕ್ಕಿತು. ಮುಂದಿನ ಪುಟಗಳಲ್ಲಿ ಸಮಾಜದ ಪ್ರಶ್ನೋತ್ತರ. ಹಿಂದಿನಿಂದ ತಿರುಗಿಸಿದರೆ ಒಂದು ಪಟ್ಟಿ, ಎಡಗಡೆ ನಂಬರು, ಬಲಗಡೆ ಪುಸ್ತಕದ ಹೆಸರು. ಒಂದರಿಂದ ಹತ್ತರವರೆಗೆ ಬರೀ ನಂಬರು, ಮುಂದೆ ಖಾಲಿ ಗೆರೆ. ಹನ್ನೊಂದು - ಕೃಷ್ಣ. ಅಲ್ಲಿಂದ ಮುಂದೆ ಪಟ್ಟಿ ತುಂಬುತ್ತಾ ಹೋಗಿದೆ.

ಅಮರ ಚಿತ್ರ ಕಥೆ ಓದಿ ಬೆಳೆದವರಿಗೆ ಇದೇನೆಂದು ಆಗಲೇ ಗೊತ್ತಾಗಿರುತ್ತೆ :)

ನಮ್ಮದು ತಿಪಟೂರು. ಬೇಸಿಗೆ ರಜಕ್ಕೆ ಬೆಂಗಳೂರಿನ ದೊಡ್ಡಪ್ಪನ ಮನೆಗೆ ಹೋದರೆ ಅಲ್ಲಿ ಅಣ್ಣನ ಬೀರುವಿನ ತುಂಬಾ ಇಂಗ್ಲಿಷ್ ಅಮರ ಚಿತ್ರ ಕಥೆಗಳು. ಅವನು ಕಾನ್ವೆಂಟಿನವನು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಚಿತ್ರ ನೋಡಿಕೊಂಡು ಕಥೆ ಊಹಿಸಬಹುದಿತ್ತು. ಪ್ರತಿ ಪುಸ್ತಕದ ಮೇಲೂ ನಂಬರಿರುತ್ತಿದ್ದುದರಿಂದ ಪಟ್ಟಿ ಮಾಡೋಕೆ ಹೊರಟೆ. ಎಷ್ಟು ಹುಡುಕಿದರೂ ಮೊದಲ ಹತ್ತು ಇಲ್ಲ. ಅಣ್ಣನೇ ಎಲ್ಲೋ ಬಚ್ಚಿಟ್ಟಿದ್ದಾನೆ ಅಂತ ಜಗಳ ಆಡಿದ್ದೂ ಆಯಿತು. ಕೊನೆಗೆ ದೊಡ್ಡಪ್ಪ, "ಅಂಗಡೀಲಿ ಖಾಲಿಯಾಗಿರ್ಬೇಕು ಬಿಡೋ, ಅದಕ್ಯಾಕಿಷ್ಟು ರಂಪ" ಅಂದರು.

ಅಂಗಡೀಲಿ ಖಾಲಿಯಾಗಿದ್ದಲ್ಲ. ಅಣ್ಣನ ಬೀರುವಿನಲ್ಲಿ ಅವು ಇರೋದಕ್ಕೆ ಸಾಧ್ಯವೇ ಇರಲಿಲ್ಲ. ಯಾಕಂದರೆ ಆ ಹತ್ತು ಇದ್ದದ್ದು ಕನ್ನಡದಲ್ಲಿ!

ಇದು ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ನಮಗೆಲ್ಲ ಗೊತ್ತಿರುವ ಕಥೆ ಬೇರೆ. 1967ರ ಫೆಬ್ರವರಿ, ದಿಲ್ಲಿ. ಅನಂತ ಪೈ ಅಲ್ಲಿನ ಒಂದು ಪುಸ್ತಕದ ಅಂಗಡಿಯಲ್ಲಿ ನಿಂತು ಟಿವಿಯಲ್ಲಿ ಮಕ್ಕಳ ಕ್ವಿಜ್ ನೋಡುತ್ತಿದ್ದಾರೆ. ಮಕ್ಕಳು ಗ್ರೀಕ್ ದೇವತೆಗಳ ಬಗ್ಗೆ ಪಟಪಟ ಉತ್ತರ ಕೊಡ್ತಾರೆ, ರಾಮನ ತಾಯಿ ಯಾರು ಅಂದರೆ ಬಾಯಿ ಬಿಡಲ್ಲ. ಪೈಗಳಿಗೆ ಬೇಜಾರಾಗುತ್ತೆ. ಟೈಮ್ಸ್ ಆಫ್ ಇಂಡಿಯಾದ ಕೆಲಸ ಬಿಟ್ಟು, ಇಂಡಿಯಾ ಬುಕ್ ಹೌಸ್ ಪ್ರಕಾಶನದ ಜೊತೆ ಸೇರಿ ಅಮರ ಚಿತ್ರ ಕಥೆ ಶುರು ಮಾಡ್ತಾರೆ. 2011ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ನಾನು ಓದಿದ ಎಲ್ಲಾ ಪತ್ರಿಕೆಗಳಲ್ಲೂ ಇದೇ ಕಥೆ ಬಂದಿತ್ತು.

ಇನ್ನೊಂದು ಕಥೆ ಬೆಂಗಳೂರಿನದು. ಅದೇ ಇಂಡಿಯಾ ಬುಕ್ ಹೌಸಿನ ಇಲ್ಲಿನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರದು. ಮಕ್ಕಳಿಗೆ ನಮ್ಮ ಭಾಷೆಯಲ್ಲಿ ಚಿತ್ರಕಥೆ ಕೊಟ್ಟರೆ ಓಡುತ್ತೆ ಅಂತ ಅವರಿಗೆ ಅನಿಸಿತು. 1965ರಲ್ಲಿ ಕನ್ನಡದಲ್ಲಿ ಪುಸ್ತಕಗಳು ಬಂದವು, ಚೆನ್ನಾಗಿ ಮಾರಾಟವೂ ಆದವು. ಆ ಗೆಲುವು ನೋಡಿಯೇ ಮುಂಬಯಿಯ ಹೆಡ್ಡಾಫೀಸಿನಲ್ಲಿ ಮಿರ್ಚಂದಾನಿಯವರು ಇಂಗ್ಲಿಷಿನಲ್ಲೂ ಮಾಡೋಣ ಅಂತ ಮುಂದಾದದ್ದು, ಕನ್ನಡದಲ್ಲಿ ಮೊದಲ ಹತ್ತು ಆಗಿಹೋಗಿದ್ದರಿಂದಲೇ ಇಂಗ್ಲಿಷ್ ಲೆಕ್ಕ ಹನ್ನೊಂದರಿಂದ ಶುರುವಾದದ್ದು ಅಂತ ಅನಂತರಾಮ್ ಅವರೇ ಹೇಳಿದ್ದಾರೆ. ನನ್ನ ನೋಟ್ ಪುಸ್ತಕದ ಖಾಲಿ ಗೆರೆಗಳಿಗೆ ಉತ್ತರ ಅದು.

ಓದಿದಾಗ ಎಷ್ಟು ಖುಷಿಯಾಯ್ತು ಅಂದರೆ ಆಫೀಸಿನಲ್ಲಿ ಪಕ್ಕದ ತಮಿಳು ಗೆಳೆಯನನ್ನು ಕರೆದು, "ನೋಡಪ್ಪಾ, ಅಮರ ಚಿತ್ರ ಕಥೆ ಹುಟ್ಟಿದ್ದು ಕನ್ನಡದಲ್ಲಿ" ಅಂತ ಬೀಗಿದ್ದೆ. ಅವನು ಕೇಳಿದ್ದು ಒಂದೇ ಪ್ರಶ್ನೆ, "ಯಾವ ಕಥೆಗಳು?"

ಅಲ್ಲೇ ಇರೋದು ತಮಾಷೆ. ಸಿಂಡ್ರೆಲಾ, ಸ್ನೋವೈಟ್, ಪಿನೋಕಿಯೋ, ಮೂರು ಹಂದಿಮರಿಗಳು, ಅಲ್ಲಾವುದ್ದೀನನ ದೀಪ... ಹೊರಗಿನ ಕಥೆಗಳು, ಬಾಯಿಂದ ಹೊರಡುವ ಬಲೂನಿನೊಳಗೆ ಮಾತ್ರ ಕನ್ನಡ. ನನ್ನ ಬೀಗು ಅರ್ಧ ಇಳೀತು. ಆದರೆ ಯೋಚನೆ ಮಾಡ್ತಾ ಹೋದ ಹಾಗೆ ಆ ಹತ್ತು ಪುಸ್ತಕಗಳ ಬೆಲೆ ಬೇರೆಯೇ ಅನ್ನಿಸಿತು. ನಮ್ಮ ಭಾಷೆಯಲ್ಲಿ ಬಣ್ಣದ ಪುಸ್ತಕ ಅಚ್ಚು ಹಾಕಿಸಿದರೆ ಅಪ್ಪ ಅಮ್ಮಂದಿರು ದುಡ್ಡು ಬಿಚ್ಚಿ ಕೊಡಿಸುತ್ತಾರೆ ಅಂತ ಅಂಗಡಿಯಲ್ಲಿ ತೋರಿಸಿಕೊಟ್ಟದ್ದು ಅವು. ಕಾಮಿಕ್ಸ್ ಅಂದರೆ ಮಕ್ಕಳು ಹಾಳಾಗ್ತಾರೆ ಅಂತ ನಂಬಿದ್ದ ಕಾಲದಲ್ಲಿ ಅದು ಸಣ್ಣ ವಿಷಯ ಅಲ್ಲ. ಅದಕ್ಕೂ ಒಂದು ವರ್ಷ ಹಿಂದೆ, 1964ರಲ್ಲಿ, ಟೈಮ್ಸಿನವರು ಇಂದ್ರಜಾಲ ಕಾಮಿಕ್ಸ್ ಶುರು ಮಾಡಿ ಫ್ಯಾಂಟಮ್‌ನನ್ನು ಮನೆಮನೆಗೆ ತಂದಿದ್ದರು. ಅದರ ಹಿಂದೆ ಇದ್ದವರೂ ಇದೇ ಅನಂತ ಪೈ. (ಫ್ಯಾಂಟಮ್‌ನ ಬೆಂಗಾಲ್ಲಾ ದೇಶ ನಮ್ಮಲ್ಲಿ ಡೆಂಕಾಲಿ ಆಗಿದ್ದು ಗೊತ್ತಲ್ಲ? ಬಂಗಾಳ ಅಂದುಕೊಂಡುಬಿಟ್ಟಾರು ಅಂತ!)

ಮುಂದೆ ಆದದ್ದು ನನ್ನನ್ನು ಇವತ್ತಿಗೂ ಕಾಡುತ್ತೆ. ಕನ್ನಡದಲ್ಲಿ ಗೆದ್ದದ್ದನ್ನು ಇಂಗ್ಲಿಷಿಗೆ ಒಯ್ದರು. ಹನ್ನೊಂದನೆಯ ಪುಸ್ತಕ ಕೃಷ್ಣ, ಕಥೆ ಅನಂತ ಪೈಗಳದ್ದೇ, ಚಿತ್ರ ರಾಮ್ ವಾಯೀರ್‌ಕರ್ ಅವರದು. ಅಲ್ಲಿಂದ ಮೂಲ ಭಾಷೆ ಇಂಗ್ಲಿಷ್ ಆಗಿ, ಕನ್ನಡ ಅನುವಾದದ ಸಾಲಿನಲ್ಲಿ ನಿಂತಿತು. ನಮ್ಮಜ್ಜಿ ಕೃಷ್ಣನ ಕಥೆ ಹೇಳುವಾಗ ಬೆಣ್ಣೆ ಕದಿಯೋ ಕಡೆ ದನಿಯನ್ನೇ ಬದಲಾಯಿಸೋರು. ಅದೇ ಕಥೆ ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಂಡು, ತಿರುಗಿ ಕನ್ನಡಕ್ಕೆ ಬಂದಾಗ ಕೃಷ್ಣ ಪಠ್ಯಪುಸ್ತಕದ ಕನ್ನಡ ಮಾತಾಡ್ತಿದ್ದ. "ಓ ತಾಯಿಯೇ" ಅಂತೆಲ್ಲ. ನಮ್ಮದೇ ನೆಲದ ಕೃಷ್ಣದೇವರಾಯ, ಟಿಪ್ಪು ಕೂಡ ಇದೇ ಸುತ್ತುದಾರಿ ಹಿಡಿದೇ ನಮ್ಮನೆಗೆ ಬಂದವರು.

ದಿಲ್ಲಿಯ ಕ್ವಿಜ್ ಕಥೆಯನ್ನು ಈ ಕಣ್ಣಿಂದ ಮತ್ತೆ ನೋಡಿ. 1967ರಲ್ಲಿ ಟಿವಿ ಇದ್ದದ್ದೇ ದಿಲ್ಲಿಯಲ್ಲಿ ಮಾತ್ರ. ಮುಂಬಯಿಗೂ ಅದು ಬಂದದ್ದು 1972ಕ್ಕೆ. ನಮ್ಮ ಕಡೆ ಹರಿಕಥೆ ಕೇಳಿ, ಆಟ ನೋಡಿ ಬೆಳೆದ ಹುಡುಗರನ್ನು ರಾಮನ ತಾಯಿ ಯಾರು ಅಂತ ಕೇಳಿದ್ದರೆ ಕೌಸಲ್ಯೆಯ ಜೊತೆ ಅವಳ ಸವತಿಯರ ಹೆಸರನ್ನೂ ಹೇಳಿರೋರು. ಮರೆತದ್ದು ದಿಲ್ಲಿಯ ಇಂಗ್ಲಿಷ್ ಮಕ್ಕಳು, ಔಷಧಿ ಮಾತ್ರ ಎಲ್ಲರಿಗೂ. ಇದರಲ್ಲಿ ಪೈಗಳ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅವರೇ ನಮ್ಮ ಕಾರ್ಕಳದವರು, 1929ರಲ್ಲಿ ಹುಟ್ಟಿ, ಎರಡು ವರ್ಷಕ್ಕೇ ಅಪ್ಪ ಅಮ್ಮನನ್ನು ಕಳೆದುಕೊಂಡು, ಹನ್ನೆರಡನೇ ವಯಸ್ಸಿಗೆ ಮುಂಬಯಿ ಸೇರಿದವರು. ಅವರಿಲ್ಲದಿದ್ದರೆ ನನಗೆ ಮೀರಾಬಾಯಿ ಯಾರೆಂದು ಗೊತ್ತಾಗುತ್ತಿರಲಿಲ್ಲ. ಆ ಪುಸ್ತಕದ ಚಿತ್ರಗಳನ್ನು ಯೂಸುಫ್ ಅನ್ನುವವರು ಬರೆದದ್ದು. ಒಂದೊಂದು ಪುಟವೂ ಹಳೇ ರಾಜಸ್ಥಾನಿ ಚಿತ್ರಪಟದ ಹಾಗೆ, ಇವತ್ತಿಗೂ ನೋಡಿದರೆ ಕಣ್ಣು ಕೀಳೋಕಾಗಲ್ಲ. ದೇವರೆಲ್ಲ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ ಇರ್ತಾರೆ ಅನ್ನುವ ಟೀಕೆ ಈ ಪುಸ್ತಕಗಳ ಮೇಲೆ ಇದೆ, ಅದೂ ನಿಜವೇ. ಆ ವಯಸ್ಸಿನಲ್ಲಿ ನನಗೆ ಅದು ಕಾಣಲಿಲ್ಲ.

ನನ್ನ ಸಂಕಟ ಇರೋದು ನೆನಪಿನ ಬಗ್ಗೆ. ದಿಲ್ಲಿಯ ಟಿವಿ ಅಂಗಡಿ ಕಥೆಗೆ ನಾಟಕ ಇದೆ, ಒಬ್ಬ ನಾಯಕ ಇದ್ದಾನೆ. ಬೆಂಗಳೂರಿನ ಕಥೆಯಲ್ಲಿ ಇರೋದು ಒಬ್ಬ ಪುಸ್ತಕ ಮಾರುವವರ ಲೆಕ್ಕಾಚಾರ. ಅದಕ್ಕೆ ಉಳಿದಿದ್ದ ಒಂದೇ ಸಾಕ್ಷಿ ಆ ಖಾಲಿ ಜಾಗ. ಮುಂದೆ ಮರುಮುದ್ರಣ ಮಾಡುವಾಗ ನಂಬರುಗಳನ್ನೇ ಬದಲಾಯಿಸಿ, ಕೃಷ್ಣನಿಗೆ 501 ಕೊಟ್ಟರು. ಈಗಿನ ಮಕ್ಕಳಿಗೆ ಒಂದರಿಂದ ಹತ್ತು ಎಲ್ಲಿ ಹೋಯ್ತು ಅನ್ನುವ ಪ್ರಶ್ನೆಯೇ ಬರಲ್ಲ.

ಹಾಗಂತ ಬೇರೆಯವರನ್ನು ಬೈಯ್ಯೋಕೆ ನನಗೆ ಬಾಯಿಲ್ಲ. ನಮ್ಮನೆಯಲ್ಲಿ ಕನ್ನಡ ಅಮರ ಚಿತ್ರ ಕಥೆಗಳು ಇಪ್ಪತ್ತಕ್ಕೂ ಹೆಚ್ಚಿದ್ದವು, ಜೊತೆಗೆ ಚಂದಮಾಮದ ಕಟ್ಟು, ಡಿಂಗನ ಬಾಲಮಂಗಳಗಳು. ನಾನು ಹಾಸ್ಟೆಲ್ ಸೇರಿದ ವರ್ಷ ಅಮ್ಮ ಎಲ್ಲವನ್ನೂ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದರು. ರಜಕ್ಕೆ ಬಂದು ಕೇಳಿದರೆ, "ಚಿತ್ರದ ಪುಸ್ತಕ ತಾನೇ, ನೀನೇನು ಇನ್ನೂ ಮಗುವಾ" ಅಂದರು. ನೋಟ್ ಪುಸ್ತಕ ಮಾತ್ರ ಟ್ರಂಕಿನಲ್ಲಿ ಭದ್ರ. ಅದು ಓದಿಗೆ ಸಂಬಂಧಿಸಿದ್ದಲ್ಲವೇ!

ಮೊನ್ನೆ ಅಮ್ಮನಿಗೆ ಆ ಪಟ್ಟಿ ತೋರಿಸಿ ಈ ಕಥೆಯೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಂಡ್ರೆಲಾ ಅಂದರೆ ಆ ಬೂದಿ ಒಲೆ ಮುಂದೆ ಕೂರೋ ಹುಡುಗೀನಾ? ಗಾಜಿನ ಚಪ್ಪಲಿದು? ನಾನು ಹೈಸ್ಕೂಲಲ್ಲಿರುವಾಗ ನಮ್ಮ ಮೇಷ್ಟ್ರ ಮನೇಲಿ ನೋಡಿದ್ದೆ. ಬಣ್ಣದ್ದು, ಕನ್ನಡದಲ್ಲೇ ಇತ್ತು" ಅಂದರು.

ಮೇಷ್ಟ್ರು ಈಗಿಲ್ಲ. ಮನೆ ಇದೆಯಂತೆ, ಅಟ್ಟವೂ ಇದೆಯಂತೆ. ಮುಂದಿನ ಭಾನುವಾರ ಹೋಗಿ ಕೇಳಬೇಕು. ನಿಮ್ಮಜ್ಜಿ ಮನೆಯ ಅಟ್ಟದಲ್ಲೂ ಒಮ್ಮೆ ಕೈಯಾಡಿಸಿ ನೋಡಿ.