ಪಾಯಖಾನೆಯ ಚರಿತ್ರೆ

ಅರಸರ ದಿಗ್ವಿಜಯಗಳೇ ಚರಿತ್ರೆಯೆಂದು ಬಗೆದವರಿಗೆ ಈ ಶಿರೋನಾಮೆಯು ಸಭ್ಯವಾಗಿ ತೋರಲಾರದು. ಆದರೆ ಮನೆಯ ಹಿತ್ತಿಲಲ್ಲಿ ನಡೆದ ಮಾರ್ಪಾಡುಗಳೂ ಜನರ ನಾಗರಿಕತೆಯನ್ನು ಅಳೆಯತಕ್ಕ ಸಾಧನಗಳಾಗಿರುವುವು. ಹೊಯ್ಸಳರ ದಂಡನಾಯಕನಾದ ಪೋಲಾಳ್ವನು ಹರಿಹರೇಶ್ವರನ ಆಲಯವನ್ನು ಕಟ್ಟಿಸಿದುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವೆವು. ನಮ್ಮ ಊರುಗಳ ಮಲವನ್ನು ಯಾರು ಹೊತ್ತರೆಂದು ಹೇಳಲು ಮಾತ್ರ ನಾಚುವೆವು.

ಹಿಂದಿನ ಪಾಯಖಾನೆಗೆ ನೀರಿನ ಸಂಬಂಧವಿರಲಿಲ್ಲ. ಜಾಡಮಾಲಿಗಳು ಹಿಂಬದಿಯ ಕಿರುಓಣಿಯಿಂದ ಬಂದು, ಮಲವನ್ನು ಬಳಿದು, ತಲೆಯ ಮೇಲೆ ಹೊತ್ತು ಊರಾಚೆಗೆ ಸಾಗಿಸುತ್ತಿದ್ದರು. ಈ ಹೊರೆಯನ್ನು ಇಳಿಸಬಲ್ಲ ಉಪಾಯವು ಅತಿ ಸರಳವಾದುದು. 1775ರಲ್ಲಿ ಲಂಡನ್ನಿನ ಗಡಿಯಾರಗಾರ ಅಲೆಗ್ಸಾಂಡರ್ ಕಮಿಂಗನು ಬಾಗಿದ ಕೊಳವೆಯುಳ್ಳ ಪಾಯಖಾನೆಗೆ ಹಕ್ಕುಪತ್ರ ಪಡೆದನು. ಬಾಗಿನಲ್ಲಿ ನಿಂತ ನೀರೇ ದುರ್ಗಂಧವನ್ನು ತಡೆಯುವುದು. ಇಂದು ಕೈಯಿಂದ ನೀರು ಹುಯ್ಯುವ ಬೇಸಿನ್ನಿಗೆ 20 ಮಿಲಿಮೀಟರು ಆಳದ ನೀರೂ, ತೊಳೆಯಲು ಸುಮಾರು ಎರಡು ಲೀಟರೂ ಸಾಕು. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವಾಗ ಅದನ್ನು ಸಮಮಟ್ಟದಲ್ಲಿ ಇರಿಸತಕ್ಕುದು. ಓರೆಯಾದರೆ ನೀರಿನ ತಡೆಯು ಕೆಟ್ಟು ನಾತವು ಮನೆಯನ್ನು ಹೊಗುವುದು.

ಆದರೆ ಉಪಾಯವು ತಿಳಿದಿದ್ದೂ ಇಲ್ಲಿ ಹೊರೆಯು ಬೇಗನೆ ಇಳಿಯಲಿಲ್ಲ. ಹೊರುವ ಜಾತಿಯೊಂದಿದ್ದಾಗ ಕೊಳವೆಗೆ ಹಣ ಸುರಿಯುವವರಾರು? 1972ರಲ್ಲಿ ರಚಿತವಾದ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರ ‘ಬೂಸಾ’ ಗಲಭೆಯಿಂದ ಅವರು ಅಧಿಕಾರವನ್ನು ಬಿಡಬೇಕಾಯಿತು. ಆ ಕಾಲದ ಕುದಿಯಿಂದ ಮೂಡಿದ ದಲಿತ ಸಂಘರ್ಷ ಸಮಿತಿಯ ಸ್ಥಾಪಕ ಪ್ರೊ. ಬಿ. ಕೃಷ್ಣಪ್ಪನವರು ಹರಿಹರದಲ್ಲಿ ಜನಿಸಿದವರೆಂಬುದು ಸ್ಮರಣೀಯವು.

ಒಣ ಪಾಯಖಾನೆಗಳನ್ನು ಕಟ್ಟುವುದನ್ನು ಭಾರತದ ಶಾಸನವು ನಿಷೇಧಿಸಿದುದು 1993ರಲ್ಲಿ. ಆದರೂ 2010ರಲ್ಲಿ ನೆರೆಯ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ನೆಲೆಯನ್ನು ಕಳೆದುಕೊಳ್ಳುವ ಭೀತಿಗೊಳಗಾದ ಜಾಡಮಾಲಿಗಳು ಮಲವನ್ನು ಮೈಗೆ ಸುರಿದುಕೊಂಡು ತಮ್ಮ ಸಂಕಟವನ್ನು ಜಗತ್ತಿಗೆ ತೋರಿದರು. ರಕ್ಷಣೆಯಿಲ್ಲದೆ ಮಲದ ಗುಂಡಿಗೆ ಮನುಷ್ಯನನ್ನು ಇಳಿಸುವುದೂ 2013ರ ಶಾಸನದಿಂದ ಅಪರಾಧವಾಯಿತು.

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಇಂದು ಮನೆ ಕಟ್ಟಿಸುವವರು ಬೇಸಿನ್ನಿನ ಬಣ್ಣವನ್ನು ಬಹಳ ವಿಚಾರಿಸಿ ಆರಿಸುವರು. ಅದರ ಕೊಳವೆಯು ಎಲ್ಲಿ ಮುಗಿಯುವುದು, ಗುಂಡಿಯು ತುಂಬಿದಾಗ ಬರುವುದು ಯಂತ್ರವೋ ಮನುಷ್ಯನೋ ಎಂಬುದನ್ನೂ ಅವರು ಮೊದಲೇ ವಿಚಾರಿಸತಕ್ಕುದು. ಗೃಹಸ್ಥನ ಶುಚಿಯು ಹೊಸ್ತಿಲೊಳಗೆ ಮುಗಿಯುವುದಿಲ್ಲ.