ಗಣಿ ನಿಂತಿತು, ಬೆಟ್ಟ ಜಾರುತ್ತಲೇ ಇತ್ತು: ಸಹಸ್ರಧಾರದ 64 ಹೆಕ್ಟೇರ್

ದೆಹಲಿಯಲ್ಲಿರೋ ಕನ್ನಡಿಗರು ಲಾಂಗ್ ವೀಕೆಂಡ್ ಸಿಕ್ಕರೆ ಹೊರಡೋದು ಮಸೂರಿಗೆ. ಹೋಗ್ತಾ ಬರ್ತಾ ಡೆಹ್ರಾಡೂನ್ ಪಕ್ಕದ ಸಹಸ್ರಧಾರದಲ್ಲಿ ಒಂದು ಸ್ನಾನ, ಒಂದು ಪ್ಲೇಟ್ ಮ್ಯಾಗಿ. ಅಲ್ಲಿನ ಇಳಿಜಾರುಗಳಲ್ಲಿ ಒಂದು ಭಾಗ 1980ರ ದಶಕದ ಆರಂಭದಲ್ಲಿ ಬರೀ ಸುಣ್ಣದಕಲ್ಲಿನ ಚೂರುಗಳ ರಾಶಿಯಾಗಿತ್ತು.

ಡೂನ್ ಕಣಿವೆಯ ಸುಣ್ಣದಕಲ್ಲು ಸಕ್ಕರೆ, ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಸಿಡಿಮದ್ದು ಇಟ್ಟು ಬೇಕಾದ ಕಲ್ಲು ತೆಗೆದು, ಬೇಡದ್ದನ್ನು ಕೆಳಕ್ಕೆ ತಳ್ಳಿಬಿಡುತ್ತಿದ್ದರು. ಮಳೆ ಬಂದರೆ ಆ ರಾಶಿ ಹೊಳೆಗೆ, ರಸ್ತೆಗೆ. 1983ರಲ್ಲಿ ಡೆಹ್ರಾಡೂನಿನ ಒಂದು ಸಂಸ್ಥೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. 1985ರ ಮಾರ್ಚ್ 12ರಂದು ಹಲವು ಗಣಿಗಳನ್ನು ಮುಚ್ಚಲು ಆದೇಶವಾಯಿತು. ಕೆಲಸ ಕಳೆದುಕೊಳ್ಳುವವರಿಗೆ ಸಾಧ್ಯವಾದಷ್ಟು ಮಟ್ಟಿಗೆ ಅರಣ್ಯೀಕರಣ, ಮಣ್ಣು ಸಂರಕ್ಷಣೆಯ ಕೆಲಸ ಕೊಡಿ ಅಂತಲೂ ಅದರಲ್ಲಿತ್ತು. ಒಳ್ಳೆಯ ಮಾತೇ. ಆದರೆ ಕೆಲಸ ಹೋಗೋದು ಖಚಿತ, ಹೊಸ ಕೆಲಸ ಮಾತ್ರ 'ಸಾಧ್ಯವಾದಷ್ಟು'.

ಸರಿ, ಗಣಿ ಮುಚ್ಚಿದರೆ ಕಾಡು ತಾನಾಗೇ ಬರುತ್ತಾ? ನಾನೂ ಹಾಗೇ ಅಂದುಕೊಂಡಿದ್ದೆ. ಕೋಡ್ ಕೆಟ್ಟರೆ ರೋಲ್‌ಬ್ಯಾಕ್ ಮಾಡಿ ಅಭ್ಯಾಸ ನೋಡಿ! ಇಲ್ಲಿ ಮೇಲ್ಮಣ್ಣೇ ಇಲ್ಲ. ನೆಟ್ಟ ಗಿಡ ಬೇರು ಬಿಡೋ ಮೊದಲೇ ಕಲ್ಲಿನ ಜೊತೆ ಜಾರಿ ಹೋಗುತ್ತೆ.

ಡೆಹ್ರಾಡೂನಿನ ಕೇಂದ್ರೀಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಸಂಸ್ಥೆ 1984ರಲ್ಲಿ ಸಹಸ್ರಧಾರದ 64 ಹೆಕ್ಟೇರ್ ಪಾಳು ಗಣಿ ಪ್ರದೇಶದಲ್ಲಿ ಕೆಲಸ ಶುರುಮಾಡಿತು. ಅವರು ಮೊದಲು ಹಿಡಿದದ್ದು ಜಾರುವ ಕಲ್ಲನ್ನು. ಕೊರಕಲುಗಳಿಗೆ ಅಡ್ಡಲಾಗಿ ತಂತಿಬಲೆಯೊಳಗೆ ಕಲ್ಲು ತುಂಬಿದ ಒಡ್ಡುಗಳು, ಇಳಿಜಾರಿನ ಮೇಲೆ ಸೆಣಬಿನ ಬಲೆ. ಆ ಬಲೆ ಕೊಳೆಯುವಷ್ಟರಲ್ಲಿ ಹುಲ್ಲಿನ ಬೇರು ಅದರ ಜಾಗ ಹಿಡಿಯಬೇಕು, ಅದೇ ಲೆಕ್ಕ. ಹಾಗಾಗಿ ಹುಲ್ಲುಗಳು, ಕಡ್ಡಿ ಊರಿದರೆ ಚಿಗುರೋ ಪೊದೆಗಳು. ಅದರಲ್ಲಿ ಒಂದು ನಮ್ಮ ಲಕ್ಕಿ ಗಿಡ; ಹೌದು, ನೆಗಡಿಗೆ ಅಜ್ಜಿ ಹಬೆ ಕೊಡುತ್ತಿದ್ದರಲ್ಲ, ಅದೇ. ಮರಗಳು ಇವುಗಳ ಜೊತೆ, ಇವುಗಳ ಆಸರೆಯಲ್ಲಿ.

1996ರ ಹೊತ್ತಿಗೆ ಹಸಿರು ಹೊದಿಕೆ ಶೇ. 10ರಿಂದ 80ಕ್ಕೆ ಏರಿತ್ತು. ವರ್ಷಕ್ಕೆ ಹೆಕ್ಟೇರಿಗೆ 550 ಟನ್ ಕೊಚ್ಚಿ ಹೋಗುತ್ತಿದ್ದ ಕಲ್ಲುಮಣ್ಣು 8 ಟನ್ನಿಗೆ ಇಳಿದಿತ್ತು. ಹಳೆಯ ಕಾಡೇ ವಾಪಸ್ ಬಂತು ಅಂತ ನಾನು ಹೇಳಲ್ಲ. ಇದು ಆರಿಸಿ ನೆಟ್ಟ ಹಸಿರು. ಆದರೆ ನನ್ನನ್ನು ತಡೆದು ನಿಲ್ಲಿಸಿದ ಅಂಕಿ ಬೇರೆ: ಮಳೆಗಾಲ ಮುಗಿದ ಮೇಲೆ 60 ದಿನ ಹರಿದು ಒಣಗುತ್ತಿದ್ದ ಹಳ್ಳ ಈಗ 240 ದಿನ ಹರಿಯತೊಡಗಿತ್ತು.